ಕಡಲು ದಾಟಿ ಬಂದ ಜೀವಿಗಳು

ಮನುಷ್ಯನು ಎಲ್ಲಿಗೆ ಹೋದರೂ ಒಬ್ಬನೇ ಹೋಗುವುದಿಲ್ಲ. ಅವನ ಬೀಜಗಳು, ದನಕರುಗಳು, ಹೂಗಿಡಗಳು ಅವನೊಡನೆ ಪಯಣ ಬೆಳೆಸುತ್ತವೆ. ಅವನಿಗೆ ತಿಳಿಯದಂತೆ ಇಲಿ, ಹುಳು, ಕಳೆಗಳೂ ಅವನ ಗಂಟುಮೂಟೆಗಳಲ್ಲಿ ಸೇರಿಕೊಳ್ಳುತ್ತವೆ. ಕನ್ನಡ ನಾಡಿನ ಒಂದು ಸಾಮಾನ್ಯ ಊಟವನ್ನು ನೋಡಿದರೂ ಈ ಮಾತಿನ ಸತ್ಯ ಮನದಟ್ಟಾಗುತ್ತದೆ. ಹಳೆಯ ಮೈಸೂರು ಸೀಮೆಯ ರೈತನಿಗೆ ಕಸುವು ಕೊಡುವ ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ಪ್ರದೇಶ. ಸಾರಿಗೆ ಖಾರ ಕೊಡುವ ಮೆಣಸಿನಕಾಯಿ, ಹುಳಿ ಕೊಡುವ ಟೊಮ್ಯಾಟೊ, ಪಲ್ಯದ ಆಲೂಗೆಡ್ಡೆ, ಚಟ್ನಿಯ ಕಡಲೆಕಾಯಿ ಇವೆಲ್ಲವೂ ಅಮೆರಿಕ ಖಂಡಗಳಿಂದ ಬಂದವು. ಬಾಬಾಬುಡನ್ ಗಿರಿಯ ಕಾಫಿ ಅರೇಬಿಯದ ಕಡೆಯಿಂದ ಬಂದಿತು. ಇವು ಇಂದು ಪರಕೀಯವೆಂದು ಯಾರಿಗೂ ಅನ್ನಿಸುವುದಿಲ್ಲ. ಬಂದ ನೆಂಟರು ಮನೆಯವರೇ ಆಗಿದ್ದಾರೆ.

ಆದುದರಿಂದ ಹೊರಗಿನಿಂದ ಬಂದದ್ದೆಲ್ಲವೂ ಕೆಟ್ಟದ್ದೆಂದು ಹೇಳುವುದು ತಪ್ಪು. ರಾಗಿಯು ಬಿತ್ತಿದ ಹೊಲದಲ್ಲಿ ಬೆಳೆಯುತ್ತದೆ, ಬಿತ್ತದಿದ್ದರೆ ಇಲ್ಲವಾಗುತ್ತದೆ. ರೈತನು ಕಳೆ ಕೀಳದಿದ್ದರೆ ಅದು ತನ್ನನ್ನು ತಾನೇ ಉಳಿಸಿಕೊಳ್ಳಲಾರದು. ಅದು ಹೊಲದ ಗಡಿಯನ್ನು ದಾಟಿ ಕಾಡಿಗೆ ನುಗ್ಗುವುದಿಲ್ಲ. ಆದರೆ ಕೆಲವು ಜೀವಿಗಳ ರೀತಿಯೇ ಬೇರೆ. ಅವು ಹೊಸ ನೆಲಕ್ಕೆ ಕಾಲಿಟ್ಟ ಮೇಲೆ ಯಾರ ಆರೈಕೆಯನ್ನೂ ಬೇಡದೆ ಹಬ್ಬುತ್ತವೆ. ಅಲ್ಲಿ ಮೊದಲಿನಿಂದಲೂ ಇದ್ದ ಗಿಡಮರ ಪ್ರಾಣಿಗಳ ಎಡೆಯನ್ನು ಕಸಿದುಕೊಳ್ಳುತ್ತವೆ. ಬೆಳೆಗೆ, ದನಕ್ಕೆ, ಮನುಷ್ಯನ ಆರೋಗ್ಯಕ್ಕೆ ಕೇಡನ್ನು ತರುತ್ತವೆ. ಇಂತಹವನ್ನು ವಿಜ್ಞಾನಿಗಳು ಆಕ್ರಮಣಕಾರಿ ಜೀವಿಗಳೆಂದು ಕರೆಯುತ್ತಾರೆ. ಇಂಗ್ಲೆಂಡಿನ ಜೀವವಿಜ್ಞಾನಿ ಚಾರ್ಲ್ಸ್ ಎಲ್ಟನ್ ಅವರು 1958ರಲ್ಲಿ ಈ ವಿಷಯವನ್ನೇ ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದರು. ಅಂದಿನಿಂದ ಈ ಅಧ್ಯಯನವು ಒಂದು ಪ್ರತ್ಯೇಕ ಶಾಖೆಯಾಗಿ ಬೆಳೆದು ಬಂದಿದೆ.

ಒಂದು ಗಿಡವು ತನ್ನ ತವರಿನಲ್ಲಿ ಸಾಧುವಾಗಿದ್ದು, ಪರದೇಶದಲ್ಲಿ ಏಕೆ ಹೀಗೆ ಮಿತಿಮೀರುತ್ತದೆ? ಇದರ ಉತ್ತರ ಆ ಗಿಡದಲ್ಲಿ ಮಾತ್ರ ಇಲ್ಲ, ಅದರ ನೆರೆಹೊರೆಯಲ್ಲಿದೆ. ನಿಸರ್ಗದಲ್ಲಿ ಯಾವ ಜೀವಿಯೂ ಅಂಕೆಯಿಲ್ಲದೆ ಬಾಳುವುದಿಲ್ಲ. ಅದರ ಎಲೆಯನ್ನು ತಿನ್ನುವ ಹುಳುವಿದೆ, ಬೀಜವನ್ನು ಕೊರೆಯುವ ಕೀಟವಿದೆ, ಬೇರನ್ನು ಕೊಳೆಸುವ ಶಿಲೀಂಧ್ರವಿದೆ, ಬಿಸಿಲು ನೀರುಗಳಿಗಾಗಿ ಪೈಪೋಟಿ ನಡೆಸುವ ಪಕ್ಕದ ಗಿಡವಿದೆ. ಸಾವಿರಾರು ವರ್ಷಗಳ ಸಹವಾಸದಿಂದ ಇವೆಲ್ಲವೂ ಒಂದನ್ನೊಂದು ಹದ್ದಿನಲ್ಲಿ ಇಟ್ಟುಕೊಂಡಿರುತ್ತವೆ. ಮನುಷ್ಯನು ಆ ಗಿಡದ ಬೀಜವನ್ನು ಮಾತ್ರ ಹಡಗಿಗೆ ಏರಿಸಿ ಬೇರೆ ಖಂಡದಲ್ಲಿ ಇಳಿಸಿದಾಗ ಗಿಡ ಬರುತ್ತದೆ, ಅದರ ಅಂಕೆ ಹಿಂದೆಯೇ ಉಳಿಯುತ್ತದೆ. ಹೊಸ ನಾಡಿನ ಹುಳುಗಳಿಗೆ ಅದರ ರುಚಿ ತಿಳಿಯದು. ಹೊಸ ನಾಡಿನ ದನಗಳು ಅದನ್ನು ಮೂಸಿ ನೋಡಿ ಮುಂದೆ ಹೋಗುತ್ತವೆ. ಹೀಗೆ ಕಡಿವಾಣವಿಲ್ಲದ ಕುದುರೆಯಂತೆ ಅದು ಓಡತೊಡಗುತ್ತದೆ. ಈ ಒಂದು ಸಂಗತಿಯನ್ನು ಅರಿತರೆ ಉಳಿದೆಲ್ಲವೂ ಸುಲಭವಾಗಿ ಅರ್ಥವಾಗುತ್ತವೆ.

ಬೆಟ್ಟ, ಮರುಭೂಮಿ, ಸಮುದ್ರಗಳು ಹಿಂದೆ ಜೀವಿಗಳ ನಡುವೆ ಗೋಡೆಗಳಂತೆ ನಿಂತಿದ್ದವು. ಮನುಷ್ಯನ ವ್ಯಾಪಾರವು ಈ ಗೋಡೆಗಳಲ್ಲಿ ಒಂದೊಂದಾಗಿ ಬಾಗಿಲುಗಳನ್ನು ತೆರೆಯಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದಾಗ ಹಡಗುಗಳಿಗೆ ದಾರಿ ಹತ್ತಿರವಾಯಿತು. ಅದೇ ದಾರಿಯಲ್ಲಿ ಕೆಂಪು ಸಮುದ್ರದ ನೂರಾರು ಬಗೆಯ ಜಲಜೀವಿಗಳು ಮೆಡಿಟರೇನಿಯನ್ ಸಮುದ್ರವನ್ನು ಸೇರಿದವು. ಹಾಯಿಹಡಗಿನ ಕಾಲದಲ್ಲಿ ತಿಂಗಳುಗಟ್ಟಲೆ ಸಾಗುತ್ತಿದ್ದ ಪ್ರಯಾಣದಲ್ಲಿ ಎಷ್ಟೋ ಹುಳುಗಳು ನಡುದಾರಿಯಲ್ಲೇ ಸಾಯುತ್ತಿದ್ದವು. ಇಂದು ಹಡಗುಗಳು ವಾರಗಳಲ್ಲಿಯೂ ವಿಮಾನಗಳು ಗಂಟೆಗಳಲ್ಲಿಯೂ ಭೂಮಿಯ ಇನ್ನೊಂದು ಭಾಗವನ್ನು ಮುಟ್ಟುತ್ತವೆ. ಜಗತ್ತಿನ ಸರಕಿನಲ್ಲಿ ಶೇಕಡಾ 80ಕ್ಕಿಂತ ಹೆಚ್ಚು ಭಾಗ ಸಮುದ್ರಮಾರ್ಗವಾಗಿ ಸಾಗುತ್ತದೆ. ದೇಶಗಳ ಮಾರುಕಟ್ಟೆಗಳೆಲ್ಲ ಒಂದಕ್ಕೊಂದು ಹೆಣೆದುಕೊಂಡಿರುವ ಈ ವ್ಯವಸ್ಥೆಗೆ ಜಾಗತೀಕರಣವೆಂದು ಹೆಸರು. ಸರಕು ಹೆಚ್ಚಿದಷ್ಟೂ, ವೇಗ ಹೆಚ್ಚಿದಷ್ಟೂ, ಅದರೊಡನೆ ಅಡಗಿ ಬರುವ ಜೀವಿಗಳೂ ಹೆಚ್ಚುತ್ತವೆ.

ಈ ಜೀವಿಗಳು ಬರುವ ದಾರಿಗಳು ಮುಖ್ಯವಾಗಿ ಎರಡು. ಮೊದಲನೆಯದು, ಮನುಷ್ಯನೇ ಬಯಸಿ ತರುವುದು: ಹೂವಿನ ಚೆಲುವಿಗೆಂದು, ಬೇಲಿಗೆಂದು, ಮೀನುಸಾಕಣೆಗೆಂದು, ಮನೆಯ ಗಾಜಿನ ತೊಟ್ಟಿಯ ಅಲಂಕಾರಕ್ಕೆಂದು. ಎರಡನೆಯದು, ತಿಳಿಯದೆ ಬರುವುದು: ಧಾನ್ಯದ ಚೀಲದಲ್ಲಿ, ಗಿಡದ ಬೇರಿಗಂಟಿದ ಮಣ್ಣಿನಲ್ಲಿ, ಸರಕು ತುಂಬುವ ಮರದ ಪೆಟ್ಟಿಗೆಗಳಲ್ಲಿ. ಇದರಲ್ಲಿ ಹಡಗಿನ ನೀರಿನ ಕಥೆ ವಿಶೇಷವಾದುದು. ಸರಕು ಇಳಿಸಿದ ಹಡಗು ಹಗುರವಾಗಿ ಓಲಾಡದಂತೆ ತನ್ನ ತಳದ ತೊಟ್ಟಿಗಳಿಗೆ ಬಂದರಿನ ನೀರನ್ನು ತುಂಬಿಕೊಳ್ಳುತ್ತದೆ. ಮುಂದಿನ ಬಂದರಿನಲ್ಲಿ ಸರಕು ಏರಿಸುವಾಗ ಆ ನೀರನ್ನು ಹೊರಚೆಲ್ಲುತ್ತದೆ. ಆ ನೀರಿನಲ್ಲಿ ಚಿಪ್ಪುಜೀವಿಗಳ ಮರಿಗಳು, ಪಾಚಿ, ಮೀನಿನ ಮೊಟ್ಟೆಗಳು ಒಂದು ಕಡಲಿನಿಂದ ಮತ್ತೊಂದಕ್ಕೆ ಸಾಗುತ್ತವೆ. ಕಪ್ಪು ಸಮುದ್ರ ಮತ್ತು ಕ್ಯಾಸ್ಪಿಯನ್ ಸಮುದ್ರಗಳ ಕಡೆಯ ಜೀಬ್ರಾ ಮಸ್ಸೆಲ್ ಎಂಬ ಪುಟ್ಟ ಚಿಪ್ಪುಜೀವಿ ಹೀಗೆಯೇ ಉತ್ತರ ಅಮೆರಿಕದ ಮಹಾಸರೋವರಗಳನ್ನು ಸೇರಿ 1988ರಲ್ಲಿ ಕಣ್ಣಿಗೆ ಬಿತ್ತು. ಅಲ್ಲಿ ಅದು ನೀರೆತ್ತುವ ಕೊಳವೆಗಳ ಒಳಗೆ ದಟ್ಟವಾಗಿ ಅಂಟಿಕೊಂಡು ನಗರಗಳ ನೀರು ಸರಬರಾಜಿಗೂ ವಿದ್ಯುತ್ ಕೇಂದ್ರಗಳಿಗೂ ತೊಡಕನ್ನು ಒಡ್ಡಿತು.

ನಮ್ಮ ನಾಡಿನಲ್ಲಿ ತಿಳಿಯದೆ ಬಂದ ಕಳೆಗೆ ಎಲ್ಲರಿಗಿಂತ ಚೆನ್ನಾಗಿ ಪರಿಚಿತವಾದ ನಿದರ್ಶನ ಪಾರ್ಥೇನಿಯಂ. ಹಳ್ಳಿಯವರು ಇದನ್ನು ಕಾಂಗ್ರೆಸ್ ಕಳೆ ಎನ್ನುತ್ತಾರೆ. ಶಾಲೆಯ ಆವರಣದಲ್ಲಿ, ರಸ್ತೆಯ ಬದಿಯಲ್ಲಿ, ರೈಲುಹಳಿಗಳ ಇಕ್ಕೆಲದಲ್ಲಿ, ಬೀಳುಬಿದ್ದ ಹೊಲದಲ್ಲಿ ಬಿಳಿಯ ಚಿಕ್ಕ ಹೂಗಳನ್ನು ಹೊತ್ತು ನಿಲ್ಲುವ ಈ ಗಿಡವನ್ನು ಕಾಣದವರಿಲ್ಲ. ಇದರ ತವರು ಅಮೆರಿಕದ ಉಷ್ಣವಲಯ. ಭಾರತದಲ್ಲಿ ಇದು ಕಳೆಯಾಗಿ ಗಮನಕ್ಕೆ ಬಂದದ್ದು 1955ರ ಸುಮಾರಿಗೆ, ಪುಣೆಯಲ್ಲಿ. ದೇಶದಲ್ಲಿ ಆಹಾರದ ಅಭಾವವಿದ್ದ ಆ ಕಾಲದಲ್ಲಿ ಅಮೆರಿಕದಿಂದ ತರಿಸಿದ ಗೋದಿಯೊಡನೆ ಇದರ ಬೀಜಗಳು ಬೆರೆತು ಬಂದವೆಂಬುದು ಬಹುಕಾಲದಿಂದ ಪ್ರಚಲಿತವಾಗಿರುವ ಅಭಿಪ್ರಾಯ. ಒಂದೊಂದು ಗಿಡವೂ ಸಾವಿರಾರು ಬೀಜಗಳನ್ನು ಉದುರಿಸುತ್ತದೆ. ಗಾಳಿ, ನೀರು, ಲಾರಿಯ ಚಕ್ರ, ದನದ ಗೊರಸು ಇವುಗಳೊಡನೆ ಅವು ಊರಿಂದೂರಿಗೆ ಹರಡುತ್ತವೆ. ಕೆಲವೇ ದಶಕಗಳಲ್ಲಿ ಈ ಕಳೆಯು ದೇಶದ ಉದ್ದಗಲವನ್ನೂ ವ್ಯಾಪಿಸಿತು.

ಪಾರ್ಥೇನಿಯಂ ಗಿಡವು ತನ್ನ ಬೇರು ಎಲೆಗಳಿಂದ ಹೊರಬರುವ ರಾಸಾಯನಿಕಗಳ ಬಲದಿಂದ ಸುತ್ತಲಿನ ಗಿಡಗಳ ಬೆಳವಣಿಗೆಯನ್ನು ಕುಗ್ಗಿಸುತ್ತದೆ. ಗೋಮಾಳದಲ್ಲಿ ಅದು ಹಬ್ಬಿದರೆ ಹುಲ್ಲು ಹಿಂದೆ ಸರಿಯುತ್ತದೆ. ಹಸಿವು ತಾಳದೆ ದನ ಅದನ್ನು ತಿಂದರೆ ಹಾಲು ಕಹಿಯಾಗುತ್ತದೆ. ಬರಿಗೈಯಲ್ಲಿ ಪದೇ ಪದೇ ಮುಟ್ಟುವವರಲ್ಲಿ ಕೆಲವರಿಗೆ ಚರ್ಮ ಕೆಂಪಾಗಿ ತುರಿಕೆ ಹುಣ್ಣುಗಳಾಗುತ್ತವೆ; ಇದರ ಪರಾಗವು ಗಾಳಿಯಲ್ಲಿ ಸೇರಿ ಸೀನು, ಉಬ್ಬಸಗಳನ್ನು ತರುತ್ತದೆ. ಹೊಲದ ಕೆಲಸವನ್ನೇ ನಂಬಿದ ಕೂಲಿಯ ಹೆಂಗಸಿಗೆ ಈ ಬೇನೆ ಬಂದರೆ ಅವಳು ಕಳೆ ಕೀಳಲು ಹೋಗುವಂತಿಲ್ಲ. ಹೋಗದಿದ್ದರೆ ಅಂದಿನ ಕೂಲಿಯಿಲ್ಲ. ಎಲ್ಲೋ ದೂರದ ಬಂದರಿನಲ್ಲಿ ಯಾರೂ ಗಮನಿಸದೆ ಇಳಿದ ಒಂದು ಬೀಜದ ಬೆಲೆಯನ್ನು ತೆರುವವರು ಯಾರು ಎಂಬುದು ಇದರಿಂದ ತಿಳಿಯುತ್ತದೆ.

ಬಯಸಿ ತಂದ ಗಿಡಗಳಲ್ಲಿ ಲಂಟಾನವು ಮೊದಲ ಸಾಲಿನಲ್ಲಿ ನಿಲ್ಲುತ್ತದೆ. ಇದರ ಮೂಲವೂ ಅಮೆರಿಕದ ಉಷ್ಣವಲಯವೇ. ಹಳದಿ, ಕೆಂಪು, ಗುಲಾಬಿ ಬಣ್ಣಗಳ ಹೂಗೊಂಚಲಿನ ಚೆಲುವಿಗೆ ಮನಸೋತ ಯೂರೋಪಿನ ತೋಟಗಾರರು ಇದರಲ್ಲಿ ಹಲವು ಮಿಶ್ರತಳಿಗಳನ್ನು ಬೆಳೆಸಿದರು. 1809ರಲ್ಲಿ ಇದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದಿತು. ಅಲ್ಲಿಂದ ಬಂಗಲೆಗಳ ಕೈತೋಟಗಳಿಗೂ ತೋಟಗಳ ಬೇಲಿಗಳಿಗೂ ಹೋಯಿತು. ಹಕ್ಕಿಗಳು ಅದರ ಕಪ್ಪು ಹಣ್ಣುಗಳನ್ನು ತಿಂದು ಬೀಜಗಳನ್ನು ಕಾಡಿನಲ್ಲಿ ಬೀಳಿಸಿದವು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಈ ಗಿಡದ ವಿಷಯದಲ್ಲಿ ಅಕ್ಷರಶಃ ನಿಜವಾಯಿತು. ಭಾರತದಲ್ಲಿ ಹುಲಿಗಳು ವಾಸಿಸುವ ಕಾಡುಗಳ ಸುಮಾರು ಶೇಕಡಾ 40 ಭಾಗಕ್ಕೆ ಲಂಟಾನ ನುಗ್ಗಿದೆಯೆಂದು 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ತಿಳಿಸುತ್ತದೆ.

ಬಂಡೀಪುರ, ಬಿಳಿಗಿರಿರಂಗನಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ಕಾಡುಗಳಲ್ಲಿ ಇದರ ಪರಿಣಾಮವನ್ನು ಕಣ್ಣಾರೆ ಕಾಣಬಹುದು. ಆಳೆತ್ತರಕ್ಕೂ ಮೀರಿ ಬೆಳೆದ ಮುಳ್ಳುಪೊದೆಗಳ ನೆರಳಿನಲ್ಲಿ ಹುಲ್ಲು ಬೆಳೆಯುವುದಿಲ್ಲ. ಹುಲ್ಲಿಲ್ಲದೆ ಜಿಂಕೆ, ಕಾಡೆಮ್ಮೆಗಳಿಗೆ ಮೇವಿಲ್ಲ. ಮರದ ಬೀಜಗಳು ನೆಲಕ್ಕೆ ಬಿದ್ದರೂ ಸಸಿಗಳು ಮೇಲೇಳುವುದಿಲ್ಲ. ಹಳೆಯ ಮರಗಳು ನಿಂತಿರುವವರೆಗೆ ಕಾಡು ಕಾಡಿನಂತೆಯೇ ತೋರುತ್ತದೆ. ಆದರೆ ಅವುಗಳ ಕಾಲ ಮುಗಿದ ಮೇಲೆ ಆ ಜಾಗಕ್ಕೆ ಬರಬೇಕಾದ ಎಳೆಯ ಮರಗಳೇ ಅಲ್ಲಿರುವುದಿಲ್ಲ. ಬೇಸಗೆಯಲ್ಲಿ ಒಣಗಿದ ಪೊದೆಗಳು ಕಾಡುಗಿಚ್ಚಿಗೆ ಸೌದೆಯಾಗುತ್ತವೆ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಕಾಡು ಸುಟ್ಟುಹೋದಾಗ ಒಣಗಿ ನಿಂತಿದ್ದ ಲಂಟಾನವು ಬೆಂಕಿಗೆ ಇಂಧನವಾಯಿತು.

ಬಿಳಿಗಿರಿರಂಗನಬೆಟ್ಟದ ಸೋಲಿಗರು ಈ ಕಾಡಿನ ಬದಲಾವಣೆಯನ್ನು ತಲೆಮಾರುಗಳಿಂದ ನೋಡಿದವರು. ಅವರ ಹಿರಿಯರು ಬೇಸಗೆಯ ಆರಂಭದಲ್ಲಿಯೇ ನೆಲದ ತರಗೆಲೆಗೆ ಸಣ್ಣ ಬೆಂಕಿಯನ್ನು ಇಡುತ್ತಿದ್ದರು. ಇದನ್ನು ಅವರು ತರಗು ಬೆಂಕಿ ಎನ್ನುತ್ತಾರೆ. ಆ ಬೆಂಕಿ ಮರಗಳನ್ನು ಸುಡದೆ ನೆಲವನ್ನು ಮಾತ್ರ ಸವರಿ ಹೋಗುತ್ತಿತ್ತು. ಲಂಟಾನದ ಎಳೆಯ ಸಸಿಗಳು ಅದರಲ್ಲಿ ಸಾಯುತ್ತಿದ್ದವು. ಮಳೆ ಬಿದ್ದೊಡನೆ ಹುಲ್ಲು ಚಿಗುರುತ್ತಿತ್ತು. 1974ರಲ್ಲಿ ಆ ಪ್ರದೇಶ ವನ್ಯಜೀವಿಧಾಮವಾದ ಮೇಲೆ ಈ ಪದ್ಧತಿ ನಿಂತಿತು. ಬೆಂಕಿ ನಿಂತದ್ದು ಲಂಟಾನ ಹಬ್ಬಲು ಒಂದು ಮುಖ್ಯ ಕಾರಣವೆಂದು ಸೋಲಿಗರು ಹೇಳುತ್ತಾರೆ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಅಲ್ಲಿನ ಕಾಡನ್ನು 1997ರಲ್ಲಿಯೂ ಮತ್ತೆ 2008ರಲ್ಲಿಯೂ ಅಳೆದು ನೋಡಿದಾಗ, ಆ ಹನ್ನೊಂದು ವರ್ಷಗಳಲ್ಲಿ ಲಂಟಾನ ಕಾಣಿಸುವ ತಾಣಗಳು ಹೆಚ್ಚುಕಡಿಮೆ ಇಮ್ಮಡಿಯಾಗಿದ್ದವು. ಈಗ ಪೊದೆಗಳು ಮರದ ಕೊಂಬೆಯೆತ್ತರಕ್ಕೆ ಬೆಳೆದಿರುವುದರಿಂದ ಅದೇ ಬೆಂಕಿಯನ್ನು ಇಟ್ಟರೆ ಉರಿ ಮರದ ತಲೆಗೇ ಏರುವ ಅಪಾಯವಿದೆ. ಸಕಾಲದಲ್ಲಿ ಸುಲಭವಾಗಿದ್ದ ಉಪಾಯ ಕಾಲ ಮೀರಿದ ಮೇಲೆ ಕಠಿಣವಾಗುತ್ತದೆ ಎಂಬುದಕ್ಕೆ ಇದೊಂದು ಉದಾಹರಣೆ.

ನೆಲದಂತೆ ನೀರೂ ಈ ಆಕ್ರಮಣಕ್ಕೆ ತುತ್ತಾಗಿದೆ. ದಕ್ಷಿಣ ಅಮೆರಿಕದ ಅಮೆಜಾನ್ ಪ್ರದೇಶದ ನೀರುಹಯಸಿಂತ್ ಗಿಡವನ್ನು ಅದರ ನಸುನೇರಳೆ ಹೂವಿನ ಅಂದಕ್ಕಾಗಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂಗಾಳಕ್ಕೆ ತಂದರು. ತಕ್ಕ ಹವೆ ದೊರೆತರೆ ಅದು ಸುಮಾರು ಎರಡು ವಾರಗಳಲ್ಲಿ ಇಮ್ಮಡಿಯಾಗುತ್ತದೆ. ಈ ಲೆಕ್ಕ ಮೇಲುನೋಟಕ್ಕೆ ಅಲ್ಪವೆನ್ನಿಸಬಹುದು. ಆದರೆ ಇಂದು ಕೆರೆಯ ಎಂಟನೆಯ ಒಂದು ಪಾಲನ್ನು ಮಾತ್ರ ಮುಚ್ಚಿರುವ ಗಿಡ, ಎರಡು ವಾರಕ್ಕೆ ಕಾಲುಭಾಗವನ್ನೂ, ನಾಲ್ಕು ವಾರಕ್ಕೆ ಅರ್ಧಭಾಗವನ್ನೂ, ಆರು ವಾರಕ್ಕೆ ಇಡೀ ಕೆರೆಯನ್ನೂ ಮುಚ್ಚಿಬಿಡುತ್ತದೆ. ಆಗ ಬಿಸಿಲು ನೀರಿನೊಳಗೆ ಇಳಿಯುವುದಿಲ್ಲ. ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿ ಮೀನುಗಳು ಸಾಯುತ್ತವೆ. ದೋಣಿ ಸಾಗದು, ಬಲೆ ಬೀಸಲಾಗದು. ಸೊಳ್ಳೆಗಳಿಗೆ ಮಾತ್ರ ಸುಗ್ಗಿ. ಬೆಂಗಳೂರಿನ ಬೆಳ್ಳಂದೂರು, ವರ್ತೂರು ಮೊದಲಾದ ಕೆರೆಗಳಲ್ಲಿ ಇದು ದಟ್ಟವಾಗಿ ಹಬ್ಬಲು ಆ ಕೆರೆಗಳಿಗೆ ಹರಿದುಬಂದ ಊರಿನ ಕೊಳಚೆಯೂ ಕಾರಣ. ಕೊಳಚೆಯೇ ಅದಕ್ಕೆ ಗೊಬ್ಬರ. ಹೊರಗಿನಿಂದ ಬಂದ ಜೀವಿಯು ನಾವು ಕೆಡಿಸಿದ ತಾಣದಲ್ಲಿಯೇ ಮೊದಲು ಬೇರೂರುತ್ತದೆ ಎಂಬುದು ಗಮನಿಸಬೇಕಾದ ಸಂಗತಿ.

ಆಕ್ರಮಣಕ್ಕೆ ದೇಶಗಳ ಗಡಿಯೇ ಮಾನದಂಡವಲ್ಲ ಎಂಬುದನ್ನು ಕಾವೇರಿ ನದಿ ಕಲಿಸಿಕೊಟ್ಟಿದೆ. ಕಾವೇರಿಯಲ್ಲಿ ಮಾತ್ರ ಇರುವ, ಬೆನ್ನು ಗೂನಾದ ದೈತ್ಯ ಮಹಶೀರ್ ಮೀನು ಹೆಸರಾಂತ ಜಲಚರ. ಮಹಾರಾಷ್ಟ್ರದ ಮೀನುಮರಿ ಕೇಂದ್ರವೊಂದರಲ್ಲಿ ಬೆಳೆಸಿದ, ಬೇರೆ ನದಿಗಳಿಗೆ ಸೇರಿದ ಇನ್ನೊಂದು ಜಾತಿಯ ಮಹಶೀರ್ ಮರಿಗಳನ್ನು ಒಳ್ಳೆಯ ಉದ್ದೇಶದಿಂದಲೇ ಕಾವೇರಿಗೆ ಬಿಡಲಾಯಿತು. ಹೊಸ ಮೀನು ಹೆಚ್ಚಿತು, ಮೂಲದ ಮೀನು ಕುಗ್ಗಿತು. 2018ರಲ್ಲಿ ಆ ಮೂಲದ ಮೀನನ್ನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಲಾಯಿತು. ಎರಡೂ ಮೀನುಗಳು ಭಾರತದವೇ. ಆದರೂ ಒಂದು ನದಿಯ ನೆಂಟ ಇನ್ನೊಂದು ನದಿಗೆ ಅಪಾಯವಾದನು.

ರೈತನ ಹೊಲಕ್ಕೆ ಬಂದ ಹೊಸ ಶತ್ರುವೆಂದರೆ ಫಾಲ್ ಸೈನಿಕ ಹುಳು. ಮುಸುಕಿನ ಜೋಳವು ಅಮೆರಿಕದಿಂದ ಹೊರಟು ನೂರಾರು ವರ್ಷಗಳ ಹಿಂದೆಯೇ ಜಗತ್ತನ್ನು ಸುತ್ತಿತು. ಅದನ್ನು ತಿನ್ನುವ ಈ ಹುಳು ಮಾತ್ರ ತವರಿನಲ್ಲಿಯೇ ಉಳಿದಿತ್ತು. 2016ರಲ್ಲಿ ಅದು ಪಶ್ಚಿಮ ಆಫ್ರಿಕದಲ್ಲಿ ಕಾಣಿಸಿಕೊಂಡಿತು. ಎರಡು ವರ್ಷಗಳಲ್ಲಿ ಆಫ್ರಿಕದ ಬಹುಭಾಗವನ್ನು ದಾಟಿ 2018ರ ಮೇ ತಿಂಗಳಲ್ಲಿ ಭಾರತದಲ್ಲಿ ಮೊಟ್ಟಮೊದಲಿಗೆ ಪತ್ತೆಯಾದದ್ದು ನಮ್ಮ ಕರ್ನಾಟಕದಲ್ಲಿಯೇ. ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅದನ್ನು ಗುರುತಿಸಿದರು. ಇದರ ಪತಂಗವು ಒಂದೇ ರಾತ್ರಿಯಲ್ಲಿ ಸುಮಾರು 100 ಕಿಲೋಮೀಟರ್ ಹಾರಬಲ್ಲದು. ಹುಳುವು ಜೋಳದ ಸುಳಿಯೊಳಗೆ ಅಡಗಿ ಕುಳಿತು ತಿನ್ನುವುದರಿಂದ ಸಿಂಪಡಿಸಿದ ಔಷಧ ಅದನ್ನು ಮುಟ್ಟುವುದೂ ಕಷ್ಟ. ಮುಂದಿನ ಒಂದೆರಡು ವರ್ಷಗಳಲ್ಲಿ ಅದು ದೇಶದ ಬಹುಪಾಲು ಜೋಳದ ಸೀಮೆಗಳನ್ನು ಮುಟ್ಟಿ, 2020ರ ವೇಳೆಗೆ ಆಸ್ಟ್ರೇಲಿಯವನ್ನೂ ತಲುಪಿತು. ಸಾಲ ತಂದು ಬಿತ್ತಿದ ರೈತನು ಹೆಸರೇ ಕೇಳದ ಹುಳುವಿನೆದುರು ಏಕಾಏಕಿ ನಿಲ್ಲಬೇಕಾಯಿತು.

ಈ ಕೇಡು ಯಾವುದೋ ಒಂದು ದೇಶಕ್ಕೆ ಸೀಮಿತವಾದುದಲ್ಲ. ಪೆಸಿಫಿಕ್ ಸಾಗರದ ಗುವಾಮ್ ದ್ವೀಪಕ್ಕೆ ಎರಡನೆಯ ಮಹಾಯುದ್ಧದ ತರುವಾಯ ಸೈನ್ಯದ ಸರಕಿನೊಡನೆ ಕಂದು ಬಣ್ಣದ ಮರಹಾವೊಂದು ಬಂದು ಸೇರಿತು. ಹಾವಿನ ಭಯವನ್ನೇ ಅರಿಯದಿದ್ದ ಅಲ್ಲಿನ ಹಕ್ಕಿಗಳು ಅದಕ್ಕೆ ಸುಲಭವಾದ ಆಹಾರವಾದವು. ಆ ದ್ವೀಪದ 12 ಬಗೆಯ ಕಾಡುಹಕ್ಕಿಗಳಲ್ಲಿ 10 ಬಗೆಯವು ಅಲ್ಲಿನ ಕಾಡುಗಳಿಂದ ಕಣ್ಮರೆಯಾದವು. ಹಕ್ಕಿಗಳಿಲ್ಲದ ಕಾಡಿನಲ್ಲಿ ಬೀಜ ಹರಡುವವರಿಲ್ಲದೆ ಮರಗಳ ಸಂತತಿಯೂ ಕುಂಠಿತವಾಯಿತು. 2023ರಲ್ಲಿ ಜೀವವೈವಿಧ್ಯವನ್ನು ಕುರಿತ ಅಂತರಸರ್ಕಾರಿ ವಿಜ್ಞಾನ ವೇದಿಕೆಯು ಪ್ರಕಟಿಸಿದ ವರದಿಯ ಪ್ರಕಾರ, ಮನುಷ್ಯನ ಚಟುವಟಿಕೆಗಳಿಂದ ತವರು ಬಿಟ್ಟು ಬೇರೆಡೆ ನೆಲೆಯೂರಿದ ಪ್ರಭೇದಗಳು 37,000ಕ್ಕೂ ಹೆಚ್ಚು. ಇವುಗಳಲ್ಲಿ ಕೇಡು ತರುವವು ಸುಮಾರು 3,500. ಎಂದರೆ ಹತ್ತರಲ್ಲಿ ಒಂದು. ಆದರೆ ಆ ಒಂದರ ಹಾವಳಿ ಅಷ್ಟಿಷ್ಟಲ್ಲ. ಜಗತ್ತಿನಲ್ಲಿ ದಾಖಲಾಗಿರುವ ಜೀವಿಗಳ ಅಳಿವಿನಲ್ಲಿ ಶೇಕಡಾ 60ರಲ್ಲಿ ಇವುಗಳ ಪಾತ್ರವಿದೆ. 2019ರಲ್ಲಿ ಇವುಗಳಿಂದಾದ ನಷ್ಟ 42,300 ಕೋಟಿ ಡಾಲರುಗಳಿಗೂ ಹೆಚ್ಚೆಂದು ಆ ವರದಿ ಅಂದಾಜು ಮಾಡಿದೆ.

ಹಣದ ನಷ್ಟಕ್ಕಿಂತ ಮಿಗಿಲಾದ ನಷ್ಟವೊಂದಿದೆ. ಕಾರ್ಖಾನೆಯ ಕೊಳಚೆಯನ್ನು ನಿಲ್ಲಿಸಿದರೆ ನದಿಯು ಕಾಲಕ್ರಮದಲ್ಲಿ ತಿಳಿಯಾದೀತು. ಆದರೆ ನೆಲೆಯೂರಿದ ಜೀವಿಯು ತನ್ನಷ್ಟಕ್ಕೆ ತಾನೇ ಸಂತಾನವನ್ನು ಬೆಳೆಸುತ್ತ ಹೋಗುತ್ತದೆ. ತಂದವನು ಸತ್ತು ಇನ್ನೂರು ವರ್ಷ ಕಳೆದರೂ ಅದು ನಿಲ್ಲುವುದಿಲ್ಲ. ಇದಲ್ಲದೆ ಒಂದೊಂದು ನಾಡಿನ ಕಾಡು, ಕೆರೆ, ಹುಲ್ಲುಗಾವಲುಗಳಿಗೆ ಅದರದೇ ಆದ ಮುಖವಿದೆ. ಎಲ್ಲ ಕಡೆಯೂ ಅವೇ ಕೆಲವು ಗಟ್ಟಿಜೀವಿಗಳು ಹಬ್ಬಿದರೆ ಜಗತ್ತಿನ ನೆಲವೆಲ್ಲ ಒಂದೇ ಬಗೆಯಾಗಿ, ಸ್ಥಳೀಯವಾದುದೆಲ್ಲ ಮಾಯವಾಗುತ್ತದೆ. ಹಾಗೆ ಮಾಯವಾದ ಒಂದು ಸೊಪ್ಪು, ಒಂದು ಬೇರು, ಒಂದು ಹಣ್ಣಿನೊಡನೆ ಅದನ್ನು ಬಳಸಿ ಬಾಳುತ್ತಿದ್ದ ಜನರ ಅರಿವೂ ಅಳಿಯುತ್ತದೆ.

ಇದಕ್ಕೆ ಪರಿಹಾರವಿಲ್ಲವೆಂದು ನಿರಾಶರಾಗಬೇಕಾಗಿಲ್ಲ. ಮೊದಲನೆಯ ಪರಿಹಾರ ಬಾಗಿಲಲ್ಲಿಯೇ ತಡೆಯುವುದು. ಭಾರತದಲ್ಲಿ ಕೀಟರೋಗಗಳನ್ನು ತಡೆಯುವ ಕಾಯಿದೆ 1914ರಲ್ಲಿಯೇ ಬಂದಿತು. 2003ರ ಸಸ್ಯ ಕ್ವಾರಂಟೈನ್ ಆದೇಶದಂತೆ ಹೊರಗಿನಿಂದ ಬರುವ ಬೀಜ, ಸಸಿ, ಮರಗಳನ್ನು ಬಂದರು, ವಿಮಾನನಿಲ್ದಾಣಗಳಲ್ಲಿ ಪರೀಕ್ಷಿಸಬೇಕು. ಸರಕಿನ ಮರದ ಪೆಟ್ಟಿಗೆಗಳೊಳಗಿನ ಹುಳುಗಳು ಸಾಯುವಂತೆ ಮರದ ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್ ಶಾಖವನ್ನು 30 ನಿಮಿಷ ಕೊಡುವ ಅಂತರರಾಷ್ಟ್ರೀಯ ಕ್ರಮವೊಂದು 2002ರಲ್ಲಿ ರೂಪುಗೊಂಡಿತು. ಹಡಗಿನ ನೀರನ್ನು ಶುದ್ಧಗೊಳಿಸಿಯೇ ಚೆಲ್ಲಬೇಕೆಂಬ ಒಪ್ಪಂದ 2004ರಲ್ಲಿ ರಚಿತವಾಗಿ 2017ರಲ್ಲಿ ಜಾರಿಗೆ ಬಂದಿತು. ಎರಡನೆಯ ಪರಿಹಾರ ಬಂದುದನ್ನು ಬೇಗ ಗುರುತಿಸಿ ಕಿತ್ತುಹಾಕುವುದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಮಾತು ಇಲ್ಲಿ ಪೂರ್ಣವಾಗಿ ಸಲ್ಲುತ್ತದೆ.

ಮೂರನೆಯ ಪರಿಹಾರ, ಹಿಂದೆ ಉಳಿದ ಅಂಕೆಯನ್ನೂ ಕರೆತರುವುದು. 1795ರಲ್ಲಿ ಕೆಂಪು ಬಣ್ಣವನ್ನು ತಯಾರಿಸುವ ಆಸೆಯಿಂದ ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಬ್ರೆಜಿಲ್ ಕಡೆಯಿಂದ ಒಂದು ಕೀಟವನ್ನು ಭಾರತಕ್ಕೆ ತಂದರು. ಅದು ಬಯಸಿದ ಬಣ್ಣದ ಕೀಟವಾಗಿರಲಿಲ್ಲ. ಆದರೆ ಅದು ಅಮೆರಿಕದಿಂದ ಬಂದಿದ್ದ ಪಾಪಾಸುಕಳ್ಳಿಯ ಒಂದು ಜಾತಿಯನ್ನು ತಿಂದು ಮುಗಿಸತೊಡಗಿತು. ಮುಂದೆ 1836ರ ಸುಮಾರಿಗೆ ಅದನ್ನು ಬೇಕೆಂದೇ ದಕ್ಷಿಣ ಭಾರತಕ್ಕೆ ತಂದು ಕಳ್ಳಿಯನ್ನು ಹತ್ತಿಕ್ಕಿದರು. ಕೀಟದಿಂದ ಕಳೆಯನ್ನು ಗೆದ್ದ ಮೊದಲ ನಿದರ್ಶನಗಳಲ್ಲಿ ಇದೊಂದು. ಪಾರ್ಥೇನಿಯಂ ಎಲೆಗಳನ್ನು ತಿನ್ನುವ ಮೆಕ್ಸಿಕೋ ದುಂಬಿಯನ್ನು 1984ರಲ್ಲಿ ಬೆಂಗಳೂರಿನ ಸುತ್ತಮುತ್ತ ಬಿಡಲಾಯಿತು. ಮಳೆಗಾಲದಲ್ಲಿ ಅದು ಎಷ್ಟೋ ಕಡೆ ಈ ಕಳೆಯನ್ನು ಬೋಳಾಗಿಸುತ್ತದೆ. ಪರಂಗಿ, ಹಿಪ್ಪುನೇರಳೆ ತೋಟಗಳನ್ನು ಹಾಳುಮಾಡುತ್ತಿದ್ದ ಹಿಟ್ಟುತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು ದಕ್ಷಿಣದ ರಾಜ್ಯಗಳಿಗೆ ಹಬ್ಬಿತು. 2010ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಸ್ಥೆಯು ಪೋರ್ಟೊರಿಕೊದಿಂದ ಅದರ ಸಹಜ ಶತ್ರುವಾದ ಸೂಕ್ಷ್ಮ ಕಣಜವನ್ನು ತರಿಸಿ ಬಿಟ್ಟ ಮೇಲೆ ಆ ಪಿಡುಗು ಹತೋಟಿಗೆ ಬಂದಿತು.

ಆದರೆ ಈ ಮದ್ದನ್ನು ಬಳಸುವಾಗ ಅತಿಯಾದ ಎಚ್ಚರ ಬೇಕು. 1935ರಲ್ಲಿ ಕಬ್ಬಿನ ದುಂಬಿಗಳನ್ನು ತಿನ್ನಲೆಂದು ಆಸ್ಟ್ರೇಲಿಯಕ್ಕೆ ಹವಾಯಿಯಿಂದ ಸುಮಾರು 100 ನೆಲಗಪ್ಪೆಗಳನ್ನು ತಂದರು. ಅವು ದುಂಬಿಗಳನ್ನು ಬಿಟ್ಟು ಉಳಿದೆಲ್ಲವನ್ನೂ ತಿಂದು ಕೋಟಿಗಟ್ಟಲೆಯಾದವು. ಅವುಗಳ ವಿಷದಿಂದ ಅಲ್ಲಿನ ಎಷ್ಟೋ ಪ್ರಾಣಿಗಳು ಸತ್ತವು. ಮೆಕ್ಸಿಕೋ ದುಂಬಿಯು ಸೂರ್ಯಕಾಂತಿಯ ಎಲೆಯನ್ನೂ ತಿನ್ನುತ್ತದೆಂಬ ಆತಂಕ 1990ರ ದಶಕದ ಆರಂಭದಲ್ಲಿ ನಮ್ಮ ರೈತರಲ್ಲಿ ಹುಟ್ಟಿತು. ವಿಜ್ಞಾನಿಗಳು ಮತ್ತೆ ಪರೀಕ್ಷಿಸಿ ಬೆಳೆಗೆ ಗಂಭೀರವಾದ ಅಪಾಯವಿಲ್ಲವೆಂದು ಖಚಿತಪಡಿಸಿದ ಮೇಲೆಯೇ ಆತಂಕ ತಣ್ಣಗಾಯಿತು. ಪರೀಕ್ಷಿಸದೆ ತಂದದ್ದು ಮದ್ದಾದರೂ ವಿಷವಾಗಬಹುದು.

ಕಿತ್ತ ಕಳೆಯನ್ನು ಬದುಕಿಗೆ ಆಧಾರವಾಗಿಸಿಕೊಂಡವರೂ ಇದ್ದಾರೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗ ಕುಶಲಕರ್ಮಿಗಳು ಬಿದಿರಿಗೆ ಬದಲಾಗಿ ಲಂಟಾನದ ಕಡ್ಡಿಗಳಿಂದ ಕುರ್ಚಿ, ಮೇಜು, ಬುಟ್ಟಿಗಳನ್ನು ಹೆಣೆಯುತ್ತಾರೆ. ಇದರಿಂದ ಕಾಡಿನ ಲಂಟಾನವೆಲ್ಲ ಮುಗಿದುಹೋಗದು. ಆದರೆ ಬಿದಿರು ಉಳಿಯುತ್ತದೆ, ನಾಲ್ಕು ಮನೆಗಳ ಒಲೆ ಉರಿಯುತ್ತದೆ.

ವಿದ್ಯಾರ್ಥಿಗಳೂ ಈ ಕಾರ್ಯದಲ್ಲಿ ಪಾಲುಗೊಳ್ಳಬಹುದು. ಪಾರ್ಥೇನಿಯಂ ಗಿಡವನ್ನು ಹೂ ಬಿಡುವ ಮೊದಲೇ ಕೈಗವಸು ತೊಟ್ಟು ಬೇರುಸಹಿತ ಕೀಳಬಹುದು. ಮನೆಯ ಗಾಜಿನ ತೊಟ್ಟಿಯ ಮೀನನ್ನಾಗಲಿ ಗಿಡವನ್ನಾಗಲಿ ಕರುಣೆಯಿಂದಲೂ ಊರಿನ ಕೆರೆಗೆ ಬಿಡಬಾರದು. ಪರಊರಿನಿಂದ ಬೀಜ, ಸಸಿಗಳನ್ನು ತರುವಾಗ ತಿಳಿದವರನ್ನು ಕೇಳಬೇಕು. ಎಲ್ಲಕ್ಕಿಂತ ಮೊದಲು ತಮ್ಮ ಊರಿನ ಹುಲ್ಲು, ಗಿಡ, ಹಕ್ಕಿ, ಮೀನುಗಳ ಹೆಸರುಗಳನ್ನು ಹಿರಿಯರಿಂದ ಕೇಳಿ ಕಲಿಯಬೇಕು. ಮನೆಯವರ ಗುರುತು ಇದ್ದವನಿಗೆ ಮಾತ್ರ ಹೊಸಬನು ಬಂದದ್ದು ತಿಳಿಯುತ್ತದೆ.

ದೇಶದೇಶಗಳ ನಡುವೆ ವ್ಯಾಪಾರ ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ರಾಗಿ, ಮೆಣಸಿನಕಾಯಿಗಳನ್ನು ಕೊಟ್ಟದ್ದೂ ಅದೇ ದಾರಿಯೇ. ಆದರೆ ಸರಕಿನ ಲೆಕ್ಕವನ್ನು ಇಡುವ ಮಾನವನು ಅದರೊಡನೆ ಬರುವ ಜೀವದ ಲೆಕ್ಕವನ್ನೂ ಇಡಲು ಕಲಿಯಬೇಕಾಗಿದೆ. ಒಂದು ಜೀವಿಯನ್ನು ಅದರ ನೆಲೆಯಿಂದ ಎತ್ತಿ ಬೇರೆಡೆ ಇಡುವುದು ಕ್ಷಣದ ಕೆಲಸ. ಅದರ ಫಲವನ್ನು ಉಣ್ಣುವವರು ಮುಂದಿನ ತಲೆಮಾರುಗಳವರು. ಅವರ ಪಾಲಿಗೆ ರಾಗಿಯ ಹೊಲ ಉಳಿಯಬೇಕೋ ಮುಳ್ಳಿನ ಪೊದೆ ಉಳಿಯಬೇಕೋ ಎಂಬುದು ಇಂದಿನವರ ಎಚ್ಚರವನ್ನು ಅವಲಂಬಿಸಿದೆ.